ಆಣೆಕಲ್ಲು ತಡೆದು ನಿಲ್ಲಿಸಿದ ಬೀಗತಿ

ನೇಕಾರರ ಮನೆಯಲ್ಲಿ ಬೆಳೆದವರಿಗೆ ಮೆಲ್ಲಗೆ ಮಾತಾಡುವುದು ಬರುವುದಿಲ್ಲ. ಬನಹಟ್ಟಿಯ ನಮ್ಮ ಮನೆಗೆ ಹೊಸದಾಗಿ ಬಂದವರು ಮೊದಲು ಬೆಚ್ಚಿಬೀಳುತ್ತಿದ್ದರು. ಇವರೆಲ್ಲ ಯಾಕೆ ಹೀಗೆ ಜಗಳಾಡುತ್ತಾರೆ ಅಂದುಕೊಳ್ಳುತ್ತಿದ್ದರು. ಜಗಳವೇನೂ ಇಲ್ಲ, ಅವ್ವ ಅಪ್ಪನನ್ನು ಊಟಕ್ಕೆ ಕರೆಯುತ್ತಿದ್ದಳು, ಅಷ್ಟೆ. ತಲಬಾಗಿಲು ದಾಟಿದರೆ ಪಡಸಾಲೆ. ಅದರ ಎಡಕ್ಕೊಂದು ಬಲಕ್ಕೊಂದು ಕುಣಿಮಗ್ಗ. ನಡುವೆ ಒಬ್ಬರು ಮೈ ಹಿಡಿದುಕೊಂಡು ಹೋಗುವಷ್ಟು ದಾರಿ. ಎಡಗಡೆಯ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಪ್ಪ ಕೂತರೆ ಸೂರ್ಯ ಮುಳುಗುವ ತನಕ ಏಳುತ್ತಿರಲಿಲ್ಲ. ಬಲಗಡೆಯದು ಅವ್ವನದು, ರೊಟ್ಟಿಗೂ ಸಾರಿಗೂ ನಡುವೆ ಸಿಕ್ಕ ಹೊತ್ತಿನಲ್ಲಿ ಅವಳು ಅಲ್ಲಿಗೆ ಇಳಿಯುತ್ತಿದ್ದಳು. ಎರಡೂ ಮಗ್ಗ ಒಟ್ಟಿಗೆ ನಡೆದಾಗ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಕೂಗಬೇಕಿತ್ತು. ಇದರಿಂದ ಒಂದು ಅನುಕೂಲವೂ ಇತ್ತು. ಆಡಬಾರದ ಮಾತನ್ನು ಮೆಲ್ಲಗೆ ಆಡಿಬಿಟ್ಟರೆ ಯಾರಿಗೂ ಕೇಳುತ್ತಿರಲಿಲ್ಲ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಈ ಅನುಕೂಲವನ್ನು ಪೂರ್ತಿ ಬಳಸಿಕೊಂಡಿದ್ದಳು. ನಡುಮನೆಯಲ್ಲಿ ಬೆಳಕಿಂಡಿಯ ಕೆಳಗೆ ಕೂತು, ಕೈಯಲ್ಲಿ ಏನಾದರೊಂದು ಕೆಲಸ ಹಿಡಿದುಕೊಂಡು, ಮಗನ ಹಟದ ಬಗ್ಗೆ, ಸೊಸೆಯ ಸಾರಿನ ಉಪ್ಪಿನ ಬಗ್ಗೆ, ಓಣಿಯ ಎಲ್ಲರ ಬಗ್ಗೆ ತನಗೆ ಅನಿಸಿದ್ದನ್ನೆಲ್ಲ ಇಡೀ ದಿನ ಗೊಣಗಿಕೊಳ್ಳುತ್ತಿದ್ದಳು. ಹತ್ತಿರ ಕೂತಿರುತ್ತಿದ್ದ ನನಗೊಬ್ಬಳಿಗೆ ಅದೆಲ್ಲ ಕೇಳುತ್ತಿತ್ತು. ಲೋಕದ ಬಗ್ಗೆ ನನಗೆ ಮೊದಲು ತಿಳಿದದ್ದೆಲ್ಲ ಆ ಗೊಣಗಾಟದಿಂದಲೇ.

ಆ ವರ್ಷ ನನ್ನ ಅಕ್ಕ ನೀಲವ್ವ ತವರಿನಲ್ಲಿದ್ದಳು. ಅವಳು ನನಗಿಂತ ಬಹಳ ದೊಡ್ಡವಳು. ನನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಮುಧೋಳ ಸಂಸ್ಥಾನಕ್ಕೆ ಸೇರಿದ ಮಹಾಲಿಂಗಪುರದ ನೇಕಾರರ ಮನೆಗೆ ಅವಳನ್ನು ಕೊಟ್ಟಿದ್ದರು. ಚೊಚ್ಚಲ ಬಾಣಂತನಕ್ಕೆ ಬಂದಳು, ಚಳಿಗಾಲದಲ್ಲಿ ಗಂಡುಮಗು ಹುಟ್ಟಿತು, ಒಂಬತ್ತು ದಿನ ಬದುಕಿ ಹೋಯಿತು. ತೊಟ್ಟಿಲಿಗೆ ಹಾಕುವ ದಿನಕ್ಕೆಂದು ಅಕ್ಕನ ಅತ್ತೆ ಗಂಗವ್ವ ಮಹಾಲಿಂಗಪುರದಿಂದ ಹೊರಟಾಗ ಅವಳಿಗೆ ಸುದ್ದಿ ಮುಟ್ಟಿರಲಿಲ್ಲ. ನಮ್ಮ ಓಣಿಯ ಬಾಯಲ್ಲಿ ಯಾರೋ ಹೇಳಿದರು. ಅವಳು ಬಂದು ಹೊಸ್ತಿಲ ಮೇಲೆ ನಿಂತು, ಒಳಗೆ ಗೋಡೆಗೆ ಒರಗಿ ಕೂತಿದ್ದ ಅಕ್ಕನನ್ನು ನೋಡಿ ಒಂದು ಮಾತು ಅಂದಳು.

"ಒಂಬತ್ತ ತಿಂಗಳ ಹೊತ್ತಾಕಿಗಿ ಒಂಬತ್ತ ದಿನಾ ಕಾಯಾಕ ಬರಲಿಲ್ಲೇನ?"

ಅಷ್ಟು ಅಂದವಳೇ, ಅವ್ವ ತಂದುಕೊಟ್ಟ ನೀರನ್ನೂ ಮುಟ್ಟದೆ ಗಾಡಿ ಹೊರಳಿಸಿಕೊಂಡು ಹೋಗಿಬಿಟ್ಟಳು.

ಆಮೇಲೆ ಅಕ್ಕ ಮಾತು ಕಡಿಮೆ ಮಾಡಿದಳು. ಅಳುತ್ತಿರಲಿಲ್ಲ. ಬೆಳಗಾದರೆ ಚರಕದ ಮುಂದೆ ಕೂತು ಅಪ್ಪನಿಗೂ ಅವ್ವನಿಗೂ ಬೇಕಾದ, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಬುಟ್ಟಿ ತುಂಬಿ ಚೆಲ್ಲಿದರೂ ಸುತ್ತುತ್ತಿದ್ದಳು. ಕೂಸಿನ ಹೆಸರನ್ನು ಯಾರೂ ಎತ್ತಕೂಡದೆಂದು ಆಯಿ ಮನೆಗೆಲ್ಲ ಅಪ್ಪಣೆ ಮಾಡಿದ್ದಳು. ಹೆಸರಾದರೂ ಎಲ್ಲಿತ್ತು, ಇಡುವ ಮೊದಲೇ ಹೋಯಿತಲ್ಲ. ಭಾವ ಎರಡು ಸಲ ಬಂದ. ಪಡಸಾಲೆಯಲ್ಲಿ ಕೂತು ಅಪ್ಪನ ಜೊತೆ ನೂಲಿನ ಮಾತಾಡಿ, ಅಕ್ಕ ಹೊರಗೆ ಬಾರದ್ದನ್ನು ನೋಡಿ, ತಲೆಯ ಪಟಗ ಸರಿಮಾಡಿಕೊಂಡು ಎದ್ದು ಹೋದ. ಅಪ್ಪನಿಗೆ ಓಣಿಯ ಜನರ ಬಾಯಿಯ ಭಯ. ಅಕ್ಕನನ್ನು ಕಳಿಸಬೇಕೆಂದು ಅವನು, ಕಳಿಸಬಾರದೆಂದು ಆಯಿ, ಇಬ್ಬರ ನಡುವೆ ಬಾಯಿ ಬಿಡದೆ ಅವ್ವ. ನಾನು ಮಾತ್ರ ಒಳಗೊಳಗೇ ಸುಖವಾಗಿದ್ದೆ. ಅಕ್ಕ ಬಂದ ಮೇಲೆ ರಾತ್ರಿ ಅವಳ ಮಗ್ಗುಲಲ್ಲಿ ಮಲಗುತ್ತಿದ್ದೆ. ಅವಳ ತೋಳಿನ ಮೇಲೆ ನನ್ನ ತಲೆ. ಅವಳು ಹೋಗದಿದ್ದರೆ ಸಾಕು ಎಂಬುದೊಂದೇ ನನ್ನ ಬೇಡಿಕೆಯಾಗಿತ್ತು.

ಬೇಸಿಗೆ ಬಂತು. ಒಂದು ಸಂಜೆ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಗಾಡಿ ನಿಂತಿತು, ಗಂಗವ್ವ ಇಳಿದಳು. ಎತ್ತರದ ಹೆಂಗಸು, ಅಗಲವಾದ ಭುಜ. ಗಂಡ ಹೋದ ಮೇಲೆ ಮೂರು ಮಗ್ಗದ ಮನೆಯನ್ನು ಒಬ್ಬಳೇ ನಡೆಸಿದವಳು. ಬಳೆಯಿಲ್ಲದ ಕೈಯನ್ನು ಮುಂದೆ ಚಾಚಿ ಮಾತಾಡಿದರೆ ಗಂಡಸರೂ ಅರ್ಧ ಮಾತಿಗೆ ನಿಲ್ಲುತ್ತಿದ್ದರು. ಈ ಸಲ ಅವಳು ಒಳಗೆ ಬಂದಳು, ಕಾಲು ತೊಳೆದಳು, ಜಮಖಾನದ ಮೇಲೆ ಕೂತಳು. ಅವ್ವ ತಟ್ಟೆಯಲ್ಲಿ ಸಜ್ಜಕ ಹಾಕಿ ಮುಂದಿಟ್ಟರೆ ಅದನ್ನು ಪಕ್ಕಕ್ಕೆ ಸರಿಸಿ ರೊಟ್ಟಿ ಮಾತ್ರ ಮುರಿದುಕೊಂಡಳು.

"ಸಿಹಿ ಉಣ್ಣಾಕ ಬಂದಿಲ್ಲವಾ ನಾ. ನಾಳೆ ಮುಂಜಾನೆ ಸೊಸೀನ ಕರಕೊಂಡ ಹೋಗತೇನಿ. ಮಾಳಗಿ ಮ್ಯಾಲ ನಿಂತ ಮಂದಿ ಕೇಳತಾರ, ನಿಮ್ಮ ಸೊಸಿ ಎಲ್ಲಿ, ನಿಮ್ಮ ಸೊಸಿ ಎಲ್ಲಿ ಅಂತ."

"ಆತ್ರಿ ಯಕ್ಕಾರ. ಮುಂಜಾನೆ ತಂಪೊತ್ತಿನಾಗ ಕಳಸತೇನಿ," ಅಂದ ಅಪ್ಪ.

ಅಡಿಗೆಮನೆಯಲ್ಲಿ ಒಲೆಯ ಮುಂದೆ ಕೂತಿದ್ದ ಅಕ್ಕನನ್ನು ಯಾರೂ ಕೇಳಲಿಲ್ಲ. ಮಗ್ಗ ನಿಂತ ಹೊತ್ತಾದ್ದರಿಂದ ಪ್ರತಿ ಅಕ್ಷರವೂ ಅವಳಿಗೆ ಕೇಳಿಸಿತ್ತು. ಅವಳು ತವೆಯ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು, ಅಷ್ಟೆ. ರಾತ್ರಿ ನಾನು ಅವಳ ಸೀರೆಯ ಸೆರಗನ್ನು ನನ್ನ ಲಂಗದ ಲಾಡಿಗೆ ಗಂಟು ಹಾಕಿಕೊಂಡು ಮಲಗಿದೆ. ಎದ್ದಾಗ ಗಂಟು ಬಿಚ್ಚಿತ್ತು. ಅಕ್ಕ ಆಗಲೇ ಎದ್ದು ತನ್ನ ನಾಲ್ಕು ಸೀರೆಗಳನ್ನು ಗಂಟು ಕಟ್ಟುತ್ತಿದ್ದಳು.

ಬೆಳಗ್ಗೆ ತಂಪೊತ್ತು ಎಂಬುದೇ ಇರಲಿಲ್ಲ. ಹಿಂದಿನ ದಿನದ ಸೆಕೆ ಹಾಗೇ ಗೋಡೆಗೆ ಅಂಟಿಕೊಂಡಿತ್ತು. ಗಾಡಿ ಹೊಡೆಯುವ ಮುದುಕ ಎತ್ತಿಗೆ ನೊಗ ಹೂಡುವ ಹೊತ್ತಿಗೆ ಮೂಡಲ ದಿಕ್ಕಿನಲ್ಲಿ ಬೆಳಕಿದ್ದರೂ ಪಡುವಣದಿಂದ ಮುಗಿಲು ಎಣ್ಣೆಗಪ್ಪಾಗಿ ಏರಿ ಬರುತ್ತಿತ್ತು. ಬೇವಿನ ಗಿಡದಲ್ಲಿ ಒಂದು ಎಲೆ ಅಲುಗಲಿಲ್ಲ. ಆಮೇಲೆ ಒಮ್ಮೆಲೇ ಗಾಳಿ, ಗಾಳಿಯ ಬೆನ್ನಿಗೆ ಯಾರೋ ಮಾಳಿಗೆಯ ಮೇಲೆ ಚೀಲಗಟ್ಟಲೆ ಕಡಲೆ ಸುರಿದಂತೆ ಸದ್ದು. ಆಣೆಕಲ್ಲು! ಮೊದಮೊದಲು ಕಡಲೆಯಷ್ಟು, ನೋಡನೋಡುತ್ತ ಬಾರೆಹಣ್ಣಿನಷ್ಟು. ಎತ್ತುಗಳು ಕೊರಳು ಎಳೆದಾಡಿ ಗಾಡಿಯನ್ನೇ ಉರುಳಿಸುವಂತಾದಾಗ ಅಪ್ಪ ತಲೆಗೆ ಗೋಣಿಚೀಲ ಹೊದ್ದು ಓಡಿದ, ಮುದುಕನೂ ಅವನೂ ನೊಗ ಬಿಚ್ಚಿ ಎರಡೂ ಎತ್ತುಗಳನ್ನು ತಲಬಾಗಿಲಿನೊಳಗೇ ಎಳೆದುಕೊಂಡು ಬಂದರು. ಹೀಗಾಗಿ ಎರಡು ಮಗ್ಗಗಳ ನಡುವಿನ ಆ ಇಕ್ಕಟ್ಟು ದಾರಿಯಲ್ಲಿ ಮಹಾಲಿಂಗಪುರದ ಎರಡು ಎತ್ತುಗಳು ಮೂಗಿನಿಂದ ಹಬೆ ಬಿಡುತ್ತ ನಿಂತವು. ಒಂದರ ಬೆನ್ನ ಮೇಲೆ ಕಲ್ಲು ಬಡಿದು ಗಂಟು ಎದ್ದಿತ್ತು. ಅವು ಮಗ್ಗಕ್ಕೆ ಹೂಡಿದ್ದ ಹಾಸುನೂಲಿಗೆ ಬಾಯಿ ಹಾಕದಂತೆ ಅವ್ವ ಎರಡು ಚಾಪೆ ತಂದು ಅಡ್ಡ ಕಟ್ಟಿದಳು. ಬೆಳಕಿಂಡಿಯಿಂದ ಕಲ್ಲುಗಳು ನಡುಮನೆಯ ನೆಲಕ್ಕೆ ಬಿದ್ದು ಗೋಲಿಯಂತೆ ಉರುಳಾಡಿದವು. ನಾನು ಒಂದನ್ನು ಬಾಯಿಗೆ ಹಾಕಿಕೊಂಡೆ. ಹಲ್ಲು ಜುಮ್ಮೆಂದಿತು.

ಸದ್ದು ನಿಂತಾಗ ಬಾಗಿಲು ತೆರೆದು ನೋಡಿದೆವು. ನಮ್ಮ ಕಡೆ ಹಿಮ ಬೀಳುವುದಿಲ್ಲ. ಹಿಮ ಬಿದ್ದ ಊರು ಹೇಗಿರುತ್ತದೆಂದು ನಾನು ಬದುಕಿನಲ್ಲಿ ನೋಡಿದವಳೂ ಅಲ್ಲ. ಆದರೆ ಆವತ್ತು ಓಣಿ ಪೂರ್ತಿ ಬೆಳ್ಳಗಿತ್ತು. ಹಿಂಜಿದ ಅರಳೆಯನ್ನು ಮನೆಯಿಂದ ಮನೆಗೆ ಹಾಸಿಬಿಟ್ಟಂತೆ. ಗಾಡಿಯ ಮೂಕಿ, ತುಳಸಿಕಟ್ಟೆ, ಮಾಳಿಗೆಯ ಸುತ್ತಿನ ಕುಂಬಿಯ ಅಂಚು ಎಲ್ಲ ಬಿಳಿ. ಬೇವಿನ ಗಿಡ ಮಾತ್ರ ಎಲೆ ಕಳೆದುಕೊಂಡು ಬೋಳಾಗಿ ನಿಂತಿತ್ತು. ಬೇಸಿಗೆಯ ನಟ್ಟನಡುವೆ ಮೈ ನಡುಗುವ ಚಳಿ ಬಂದುಬಿಟ್ಟಿತು. ಕಲ್ಲು ಕರಗಿದರೆ ಮಾಳಿಗೆಯ ಮಣ್ಣು ಕುಸಿದೀತೆಂದು ಅಪ್ಪನೂ ಗಾಡಿಯ ಮುದುಕನೂ ಸಲಿಕೆ ಹಿಡಿದು ಮೇಲೇರಿ, ಬೆಳಕಿಂಡಿಗೆ ಬುಟ್ಟಿ ಬೋರಲು ಹಾಕಿ, ರಾಶಿ ರಾಶಿ ಕೆಳಗೆ ತಳ್ಳಿದರು. ಅಷ್ಟರಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಮಗ್ಗದ ಕುಣಿಗಳಲ್ಲಿ ಮೊಣಕಾಲುದ್ದ ನೀರು. ಊರಾಚೆಯ ಹಳ್ಳ ಗಾಡಿದಾರಿಯ ಮೇಲೆ ಹರಿಯುತ್ತಿದೆ ಎಂದು ಯಾರೋ ಕೂಗಿ ಹೇಳಿಕೊಂಡು ಹೋದರು.

"ಇವತ್ತ ಎತ್ತ ನಡಿಯಂಗಿಲ್ಲ, ದಾರಿನೂ ಇಲ್ಲ," ಅಂದ ಮುದುಕ, ಎತ್ತಿನ ಬೆನ್ನು ಸವರುತ್ತ.

ಗಂಗವ್ವ ತನ್ನ ಗಂಟನ್ನು ತೊಡೆಯ ಮೇಲಿಂದ ಕೆಳಗಿಟ್ಟಳು. ಅಕ್ಕನೂ ಇಟ್ಟಳು.

ಆವಾಗ ನಮಗೆಲ್ಲ ತಿಳಿದದ್ದು, ಮನೆಯಲ್ಲಿ ಸದ್ದಿಲ್ಲ ಎಂಬುದು. ಹಬ್ಬದ ದಿನವೂ ನಮ್ಮಲ್ಲಿ ಮಗ್ಗ ನಿಂತರೆ ಓಣಿಯ ಬೇರೆ ಮಗ್ಗಗಳು ನಡೆಯುತ್ತಿದ್ದವು. ಆವತ್ತು ಇಡೀ ಓಣಿಯ ಕುಣಿಗಳಲ್ಲಿ ನೀರು. ಎತ್ತು ಮೆಲುಕು ಹಾಕುವುದು ಕೇಳುತ್ತಿತ್ತು. ಆಯಿ ಅಭ್ಯಾಸದಂತೆ, "ಇಕಿ ನೀಲಾನ್ನ ಒಯ್ಯೂದು ಆ ದೇವರಿಗೂ ಮನಸಿಲ್ಲ ನೋಡು," ಎಂದು ಗೊಣಗಿದ್ದು ಪಡಸಾಲೆಯವರೆಗೂ ಸ್ಪಷ್ಟವಾಗಿ ಹೋಯಿತು. ಅವ್ವ ನಾಲಗೆ ಕಚ್ಚಿಕೊಂಡಳು. ಗಂಗವ್ವನಿಗೂ ಕೇಳಿಸಿತು.

ಕೈ ಖಾಲಿ ಇದ್ದರೆ ಬಾಯಿ ಹೀಗೇ ಜಾರುತ್ತದೆಂದು ಆಯಿಗೂ ಅನಿಸಿರಬೇಕು. ಅರ್ಧ ಹೊಲಿದಿಟ್ಟಿದ್ದ ಕೌದಿಯನ್ನು ತರಿಸಿ ನಡುಮನೆಯಲ್ಲಿ ಹಾಸಿಸಿದಳು. ಪ್ರತಿ ಬೇಸಿಗೆಯಲ್ಲಿ ಮಳೆಗಾಲಕ್ಕೆಂದು ಆಯಿ ಒಂದು ಕೌದಿ ಮುಗಿಸುತ್ತಿದ್ದಳು. ಹರಿದ ಸೀರೆ, ಜೀರ್ಣವಾದ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿನಿಂದ ಶುರುಮಾಡಿ ಸುತ್ತ ಹೊಲಿಗೆ ಹಾಕುತ್ತ ನಡುವಿಗೆ ಬರಬೇಕು. ದಾರ ಕೊಂಡು ತರುವುದಿಲ್ಲ. ಮಗ್ಗದಲ್ಲಿ ಉಳಿದ ತುಂಡು ನೂಲುಗಳನ್ನು ತೊಡೆಯ ಮೇಲೆ ಹೊಸೆದರೆ ಅದೇ ದಾರ. ಹೊಸೆಯುವುದು ನನ್ನ ಕೆಲಸ. ಮಬ್ಬಿನಲ್ಲಿ ಕಣ್ಣು ಕಾಣದೆಂದು ಅವ್ವ ಹಗಲೇ ಎಣ್ಣೆಯ ದೀಪ ಹಚ್ಚಿದಳು. ಆಯಿ ಒಂದು ಬದಿಗೆ, ಅವ್ವ ಒಂದು ಬದಿಗೆ, ಎದುರು ಬದಿಗೆ ಅಕ್ಕ. ನಾಲ್ಕನೆಯ ಬದಿ ಖಾಲಿ ಇತ್ತು. ಗಂಗವ್ವ ಸ್ವಲ್ಪ ಹೊತ್ತು ಕಂಬಕ್ಕೆ ಒರಗಿ ನೋಡುತ್ತಿದ್ದಳು. ಜೀವಮಾನದಲ್ಲಿ ಸುಮ್ಮನೆ ಕೂತು ಗೊತ್ತಿಲ್ಲದ ಹೆಂಗಸು. ಆಮೇಲೆ ಯಾರೂ ಕರೆಯದೆಯೇ ಬಂದು ಆ ಬದಿಗೆ ಕೂತು, ಕೈ ಚಾಚಿ, "ಸೂಜಿ ಕೊಡವಾ," ಅಂದಳು. ಅವ್ವ ಕೊಟ್ಟಳು. ಅವಳ ಹೊಲಿಗೆ ನಮ್ಮವರ ಹೊಲಿಗೆಗಿಂತ ಸಣ್ಣದು, ಒತ್ತಾದದ್ದು. ಆಯಿ ಓರೆಗಣ್ಣಿನಿಂದ ಅದನ್ನು ನೋಡಿ ತಾನೂ ಸಣ್ಣಗೆ ಹಾಕತೊಡಗಿದಳು. ಬಟ್ಟೆಯೊಳಗಿಂದ ದಾರ ಎಳೆಯುವ ಸದ್ದು, ಹೊರಗೆ ತೊಟ್ಟಿಕ್ಕುವ ನೀರು.

ಮಧ್ಯಾಹ್ನ ಹುರುಳಿಕಟ್ಟಿನ ಸಾರು, ಬಿಸಿ ರೊಟ್ಟಿ ಉಂಡು, ಮತ್ತೆ ಸೂಜಿ ಹಿಡಿದರು. ಹೊಸೆದ ದಾರ ಸಾಕಷ್ಟಾಗಿ ನನಗೆ ಕೆಲಸವಿಲ್ಲದಾಯಿತು. ಕೌದಿಯ ಪಕ್ಕದ ನೆಲದ ಮೇಲೆ ಸುಣ್ಣದಿಂದ ಚೌಕಾಬಾರದ ಮನೆ ಬರೆದು, ಆಯಿಯ ನಾಲ್ಕು ಕವಡೆ ತಂದು, ಎರಡೂ ಕಡೆಯ ಆಟ ನಾನೇ ಆಡುತ್ತ ಕೂತೆ. ಒಂದು ಕಡೆಗೆ ಕೆಂಪು ಬಳೆಚೂರು, ಇನ್ನೊಂದು ಕಡೆಗೆ ಹುಣಸೆಬೀಜ. ಗೆಲ್ಲುವುದು ಯಾವಾಗಲೂ ಬಳೆಚೂರಿನದೇ.

"ಏ ಸಣ್ಣಾಕಿ, ಆ ಹುಣಸೀ ಬೀಜಕ್ಕ ಭಾಳ ಅನ್ಯಾಯ ಮಾಡಾಕತ್ತಿ ನೀ," ಅಂದಳು ಗಂಗವ್ವ.

ನಾನು ಬೆಚ್ಚಿ ತಲೆ ಎತ್ತಿದೆ. ಅವಳು ಸೂಜಿಯನ್ನು ತುರುಬಿಗೆ ಸಿಕ್ಕಿಸಿಕೊಂಡು ನನ್ನ ಕಡೆ ಸರಿದು ಕೂತಳು.

"ಬೀಜ ನನ್ನವು. ಆಡು. ಆದ್ರ ಸುಮ್ಮನ ಆಡಿದ್ರ ಏನ ರುಚಿ? ಏನರ ಪಣಾ ಇಡು."

ಪಣ ಇಡಲು ನನ್ನ ಹತ್ತಿರ ಏನಿತ್ತು? ಯೋಚಿಸಲೂ ಇಲ್ಲ. ಬಾಯಿಗೆ ಬಂದದ್ದು ಬಂತು.

"ನಾ ಗೆದ್ದ್ರ ನೀವ ನಮ್ಮ ಅಕ್ಕನ್ನ ಬಿಟ್ಟ ಹೋಗಬೇಕು."

"ಏ, ಬಾಯಿ ಮುಚ್ಚ ಬೇ!" ಎಂದು ಅವ್ವ ಗದರಿದಳು. ಆಯಿಯ ಸೂಜಿ ನಿಂತಿತು. ಅಕ್ಕ ತಲೆ ಎತ್ತಲಿಲ್ಲ, ಆದರೆ ಅವಳ ಕೈಯೂ ನಿಂತಿತ್ತು. ಗಂಗವ್ವ ನನ್ನನ್ನು ನೋಡಲಿಲ್ಲ. ಅಕ್ಕನ ಬಾಗಿದ ತಲೆಯನ್ನೇ ಸ್ವಲ್ಪ ಹೊತ್ತು ನೋಡಿದಳು.

"ಮತ್ತ ನಾ ಗೆದ್ದ್ರ?"

"ನೀವ ಗೆದ್ದ್ರ... ಅಕ್ಕ ಹೋಗೂಮುಂದ ನಾ ಅಳಂಗಿಲ್ಲ."

"ಆತು," ಅಂದಳು ಗಂಗವ್ವ. ಗಟ್ಟಿಯಾಗಿ, ವ್ಯಾಪಾರ ಕುದುರಿದಾಗ ಅನ್ನುವ ಹಾಗೆ. "ಕವಡಿ ಒಗಿ."

ಅವಳು ಮಕ್ಕಳ ಜೊತೆ ದೊಡ್ಡವರು ಆಡುವ ಹಾಗೆ ಆಡಲಿಲ್ಲ. ಸೋತುಕೊಡುವ ಮನಸ್ಸೇ ಇರಲಿಲ್ಲ ಅವಳಿಗೆ. ಕವಡೆಗಳನ್ನು ಎರಡೂ ಅಂಗೈ ನಡುವೆ ಇಟ್ಟು ಬಾಯಿಗೆ ಹತ್ತಿರ ಹಿಡಿದು ಏನೋ ಅಂದು ಒಗೆಯುವಳು. ಒಳ್ಳೆಯದು ಬಿದ್ದರೆ ತೊಡೆ ತಟ್ಟಿಕೊಳ್ಳುವಳು. ನನ್ನ ಒಂದು ಕಾಯಿ ಕಡಿದಾಗ ಅವಳ ಮುಖ ಹಸುಗೂಸಿನ ಮುಖದಂತೆ ಅರಳಿತು. ನನಗೆ ಕಣ್ಣು ತುಂಬಿತು, ಆದರೆ ಒತ್ತಿಹಿಡಿದೆ. ಅವಳ ಎರಡು ಕಾಯಿ ನಟ್ಟನಡುವಿನ ಮನೆ ಸೇರಿ ಹಣ್ಣಾದವು, ನನ್ನದು ಒಂದು. ಅವ್ವ, ಆಯಿ ಇಬ್ಬರೂ ಹೊಲಿಯುವ ನೆಪ ಮಾಡುತ್ತಿದ್ದರೇ ಹೊರತು ಹೊಲಿಯುತ್ತಿರಲಿಲ್ಲ. ಅಷ್ಟರಲ್ಲಿ ಗಂಗವ್ವ ಒಗೆದ ಕವಡೆಗಳಲ್ಲಿ ಮೂರು ಮೇಲ್ಮುಖ ಬಿದ್ದು, ನಾಲ್ಕನೆಯದು ಉರುಳಿ ಕೌದಿಯ ಅಂಚಿನ ಕೆಳಗೆ ಹೋಯಿತು.

"ನಾಕೂ ಮ್ಯಾಲ! ಚೌಕಾ!" ಅಂದಳು ಗಂಗವ್ವ.

"ನೋಡಲಾರದಽ ಹೆಂಗ ಚೌಕಾ?" ಎಂದು ಆಯಿ ಬಗ್ಗಿ ಕೌದಿಯ ಅಂಚು ಮೆಲ್ಲಗೆ ಎತ್ತಿದಳು. "ಬೋರಲ ಬಿದ್ದೈತಿ. ಮೂರಽ."

"ನೀವ ಎತ್ತೂಮುಂದ ಹೊರಳಿತು! ನಿಮಗ ಕಣ್ಣರ ಎಲ್ಲಿ ಕಾಣತಾವ?"

"ಕಣ್ಣ ಕಾಣಂಗಿಲ್ಲ ಖರೆ. ಕವಡಿ ಕಾಣತಾವ."

ಮೂರು ಮನೆ ನಡೆದು ಅವಳ ಕಾಯಿ ಹಣ್ಣಾಗಲು ಒಂದೇ ಮನೆ ಉಳಿಯಿತು. ಈಗ ನನ್ನ ಸರದಿ. ಅದನ್ನು ಕಡಿಯಲು ಎರಡು ಬೀಳಬೇಕು. ಕಣ್ಣು ಮುಚ್ಚಿ ಒಗೆದೆ. ಎರಡೇ ಬಿತ್ತು. ಹಣ್ಣಿನ ಬಾಗಿಲಲ್ಲಿ ನಿಂತಿದ್ದ ಅವಳ ಕಾಯಿಯನ್ನು ಎತ್ತಿ ಹೊರಗಿಟ್ಟೆ.

"ಕಡದ್ಲು!" ಎಂದು ಗಂಗವ್ವ ಪಡಸಾಲೆಯ ಕಡೆ ತಿರುಗಿ, ಮನೆಗೆ ಕಳ್ಳರು ನುಗ್ಗಿದಂತೆ ಕೂಗಿದಳು. "ನೋಡ್ರೋ, ಹಣ್ಣಾಗೂ ಕಾಯಿ ಕಡದ್ಲು!" ಎತ್ತುಗಳು ಗಾಬರಿಯಾಗಿ ಕೊರಳಗಂಟೆ ಅಲ್ಲಾಡಿಸಿದವು. ಆಮೇಲೆ ಅವಳ ಕಡೆ ಒಳ್ಳೆಯ ಕವಡೆ ಬೀಳಲೇ ಇಲ್ಲ. ನನ್ನ ಕಾಯಿಗಳು ಒಂದೊಂದಾಗಿ ಒಳಹೊಕ್ಕವು. ಕೊನೆಯದು ಹಣ್ಣಾದಾಗ ಗಂಗವ್ವ ಎರಡೂ ಕೈಯಿಂದ ಸುಣ್ಣದ ಗೆರೆಗಳನ್ನೆಲ್ಲ ಅಳಿಸಿ ಹಾಕಿ, ಕೆಳದುಟಿ ಮುಂದೆ ಚಾಚಿ, "ಈ ಕವಡಿ ಛಲೋ ಇಲ್ಲ! ನಮ್ಮ ಮನೀ ಕವಡಿ ಇದ್ದ್ರ ತೋರಸತಿದ್ದೆ! ಇನ್ನೊಂದ ಆಟಾ ಆಡು!" ಅಂದಳು. ಮೂರು ಮಗ್ಗದ ಯಜಮಾನಿ, ಗಂಡಸರ ಬಾಯಿ ಮುಚ್ಚಿಸುವ ಹೆಂಗಸು. ಅವಳ ಕೆನ್ನೆಗೆ, ಮೂಗಿಗೆ ಸುಣ್ಣ ಮೆತ್ತಿತ್ತು.

ಆಗ ಅಕ್ಕ ನಕ್ಕಳು.

ಆ ಮನೆಯಲ್ಲಿ ಚಳಿಗಾಲದಿಂದ ಯಾರೂ ಕೇಳದಿದ್ದ ಸದ್ದು ಅದು. ಮೊದಲು ಮೂಗಿನಲ್ಲಿ ತಡೆದಳು, ತಡೆಯಲಾಗಲಿಲ್ಲ, ಸೂಜಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವನೂ ನಕ್ಕಳು. ನಾನು ಗೆದ್ದ ಸಂತೋಷಕ್ಕೆ ಕುಣಿದೆ. ಕುಣಿಯುತ್ತಿದ್ದವಳು ನೋಡಿದೆ, ಅಕ್ಕನ ನಗು ಎಲ್ಲಿಯೋ ದಾರಿ ತಪ್ಪಿತ್ತು. ಅವಳು ಕೌದಿಯ ಮೇಲೆ ಬೋರಲಾಗಿ ಮುಖವಿಟ್ಟು ಅಳುತ್ತಿದ್ದಳು. ಬಿಕ್ಕಿದಾಗಲೆಲ್ಲ ಬೆನ್ನು ಎದ್ದೆದ್ದು ಬೀಳುತ್ತಿತ್ತು. ಅವ್ವ ಏಳಹೋದಳು. ಆಯಿ ಕೈ ಹಿಡಿದು ಕೂಡಿಸಿದಳು.

ಗಂಗವ್ವ ಕೌದಿಯನ್ನು ಬಳಸಿಕೊಂಡು, ಅಂಗೈ ಊರಿ ಮೊಣಕಾಲ ಮೇಲೆ ಸರಿಯುತ್ತ, ಅಕ್ಕನ ಹತ್ತಿರ ಹೋಗಿ ಕೂತಳು. ಮುಟ್ಟಲಿಲ್ಲ.

"ನೀಲಾ. ಅವತ್ತ ಬಾಗಲಾಗ ನಿಂತು ನಾ ಅಂದ ಮಾತ ನನ್ನದಲ್ಲವಾ. ನನ್ನ ಮೊದಲನೇ ಕೂಸು ಹೋದಾಗ ನಮ್ಮತ್ತಿ ನನಗ ಅಂದಿದ್ದಳು. ಹಂಗಽ, ಅದಽ ಮಾತ. ಅದನ್ನ ಯಾರ ಮುಂದನೂ ಹೇಳಲಾರದಽ ಇಷ್ಟ ವರ್ಷ ಹೊಟ್ಯಾಗ ಇಟಗೊಂಡಿದ್ದೆ. ಅವತ್ತ ನಿಮ್ಮ ಹೊಸ್ತಲಾ ಮೆಟ್ಟಿದ ಕೂಡಲೆ ಬಾಯಾಗ ಬಂತು. ಅಂದ ಮ್ಯಾಲ ನನಗಽ ಕೇಳಿಸಿತು, ಇದು ಆ ಮುದುಕಿ ಧ್ವನಿ ಅಂತ. ನಿಮ್ಮ ನೀರ ಕುಡಿಯಾಕ ನನಗ ಮುಖಾ ಇರಲಿಲ್ಲ. ಅದಕ್ಕ ಹೊಳ್ಳಿ ಹೋದೆ. ಸಿಟ್ಟಿಗಲ್ಲ."

ಅಕ್ಕ ಮುಖ ಎತ್ತದೆಯೇ ಅಂದಳು: "ನಾ ಕಾದಿದ್ದೆ ಅತ್ತ್ಯಾರ. ಒಂಬತ್ತ ದಿನಾನೂ ಕಾದಿದ್ದೆ. ಮಲಗಿದ್ದಿಲ್ಲ."

"ಗೊತ್ತೈತಿ."

ಮಳೆ ಸ್ವಲ್ಪ ಕಡಿಮೆಯಾಗಿತ್ತು. ಗಂಗವ್ವ, ನನ್ನ ಜೊತೆ ಜಗಳಾಡಿದ ಆ ದನಿಯಲ್ಲಲ್ಲ, ಬೇರೆಯೇ ದನಿಯಲ್ಲಿ ಕೇಳಿದಳು.

"ಯಾರಂಗ ಇದ್ದವಾ ಅವಾ? ನಾ ನೋಡಲಿಲ್ಲಲ್ಲ."

ಆ ಮಾತಿಗೆ ಅಕ್ಕ ಎದ್ದು ಕೂತಳು. ಕೂಸಿನ ಸುದ್ದಿ ಎತ್ತದಿರುವುದೇ ಅವಳಿಗೆ ಮಾಡುವ ಉಪಕಾರ ಎಂದು ನಾವೆಲ್ಲ ತಿಳಿದಿದ್ದೆವು. ಅವನು ಹೇಗಿದ್ದ ಎಂದು ಅಷ್ಟು ತಿಂಗಳಲ್ಲಿ ಒಬ್ಬರೂ ಅವಳನ್ನು ಕೇಳಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಮೊದಲು ತಡೆತಡೆದು, ಆಮೇಲೆ ತಡೆಯಿಲ್ಲದೆ ಹೇಳತೊಡಗಿದಳು. ಕಿವಿ ನಿಮ್ಮ ಮಗನಂಥವೇ, ಬಲಗಿವಿಯ ತುದಿ ಮಡಿಚಿತ್ತು. ಕೂದಲು ದಟ್ಟ. ಬೆರಳು ಉದ್ದ, ಆಯಿ ನೋಡಿ ಇವನು ನೇಯುವುದಿಲ್ಲ, ಬರೆಯುತ್ತಾನೆ ಅಂದಿದ್ದಳು. ದೀಪ ತಂದರೆ ದೀಪದ ಕಡೆ ತಿರುಗುತ್ತಿದ್ದ. ಸೀನಿದರೆ ತನ್ನ ಸೀನಿಗೆ ತಾನೇ ಬೆಚ್ಚುತ್ತಿದ್ದ. ಒಂಬತ್ತು ದಿನ ಬದುಕಿದ ಜೀವದ ಬಗ್ಗೆ ಹೇಳಲು ಅಷ್ಟೊಂದಿತ್ತು. ಗಂಗವ್ವ ಸೂಜಿಯನ್ನು ತುರುಬಿನಿಂದ ತೆಗೆದು ಅಲ್ಲಿಯೇ, ಅಕ್ಕನ ಬದಿಯಲ್ಲೇ, ಹೊಲಿಯಲು ಶುರುಮಾಡಿದಳು. ನಡುನಡುವೆ, "ಹೂಂ," "ಮುಂದ?" ಎನ್ನುತ್ತಿದ್ದಳು. ಅವ್ವ ಎದ್ದು ಅಡಿಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬೆಲ್ಲದ ಚಹಾ ಕಾಸಿ ತಂದಳು. ಇವತ್ತಿಗೂ ಯಾರ ಮನೆಯಲ್ಲಿ ಸಾವಾದರೂ ನಾನು ಹೋಗಿ ಮೊದಲು ಕೇಳುವುದು, ಹೋದವರು ಹೇಗಿದ್ದರು ಎಂದು. ಕೆಲವರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ಬಹಳ ಜನ ಕೂತು ಹೇಳುತ್ತಾರೆ.

ಸಂಜೆ ಅಪ್ಪ ಕುಣಿಯ ನೀರು ಮೊಗೆದು ಮುಗಿಸಿ ಒಳಗೆ ಬಂದ. "ನಾಳೆ ಹಳ್ಳ ಇಳಿತೈತಿ ಯಕ್ಕಾರ. ಮುಂಜಾನೆ ಎದ್ದ ಕೂಡಲೆ ಕಳಸತೇನಿ," ಅಂದ.

"ನಾ ಒಬ್ಬಾಕಿನಽ ಹೋಗತೇನಿ," ಅಂದಳು ಗಂಗವ್ವ. "ಆಟದಾಗ ಸೋತೇನಿ. ಮಾತ ಕೊಟ್ಟೇನಿ."

ಅಪ್ಪನಿಗೆ ಏನೂ ತಿಳಿಯಲಿಲ್ಲ. "ಏನ್ರಿ ಇದು, ಸಣ್ಣ ಹುಡುಗಿ ಜೋಡಿ ಆಡಿದ ಮಾತ ಹಿಡಕೊಂಡ..."

"ಸಣ್ಣ ಹುಡುಗಿ ಒಬ್ಬಾಕಿನಽ ನೋಡ್ರಿ ನೀಲಾನ ಕಡೆ ಇದ್ದಾಕಿ. ನೀವೂ ಅಕೀನ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹಂಗ ಕರಕೊಂಡ ಹೋಗಿ ಏನ ಮಾಡ್ಲಿ? ಮಂದಿಗಿ ತೋರಿಸಾಕೇನ?" ಎಂದು, ಅವ್ವನ ಕಡೆ ತಿರುಗಿ, "ನಿನ್ನಿ ಸಜ್ಜಕ ಉಳದೈತೇನವಾ? ಇದ್ದ್ರ ಹಾಕು," ಅಂದಳು. ಹಿಂದಿನ ದಿನದ್ದು ಗಟ್ಟಿಯಾಗಿತ್ತು. ಅವ್ವ ಬಿಸಿ ಮಾಡಿ ತುಪ್ಪ ಹಾಕಿ ಕೊಟ್ಟಳು. ಗಂಗವ್ವ ತಟ್ಟೆಯನ್ನು ಬೆರಳಿನಿಂದ ಒರೆಸಿ ಉಂಡಳು.

ಮರುದಿನ ಬಿಸಿಲು ಬಿತ್ತು, ಓಣಿಯಲ್ಲಿ ಕೆಸರು. ಗಾಡಿ ಏರುವ ಮೊದಲು ಗಂಗವ್ವ ಅಕ್ಕನ ಗಲ್ಲ ಹಿಡಿದು ಏನೋ ಹೇಳಿದಳು. ನಮ್ಮ ಮಗ್ಗ ಆಗಲೇ ಶುರುವಾಗಿದ್ದರಿಂದ ನನಗೆ ಕೇಳಲಿಲ್ಲ. ನನ್ನ ತಲೆಯ ಮೇಲೆ ಒಂದು ಮೊಟಕಿ ಹೋದಳು. ಅಷ್ಟು ಮೆಲ್ಲಗೇನೂ ಇರಲಿಲ್ಲ ಆ ಮೊಟಕು.

ನಾನು ಗೆದ್ದಿದ್ದೆ. ಓಣಿಯ ಹುಡುಗಿಯರಿಗೆಲ್ಲ ಹೇಳಿಕೊಂಡು ತಿರುಗಿದೆ. ರಾತ್ರಿ ಅಕ್ಕನ ತೋಳಿನ ಮೇಲೆ ಮಲಗಿ, ಇನ್ನು ಯಾರೂ ಇವಳನ್ನು ಒಯ್ಯಲಾರರು ಎಂದು ನಿಶ್ಚಿಂತಳಾಗಿದ್ದೆ. ಅಕ್ಕ ಬದಲಾದಳು. ಕಂಡಿಕೆ ಸುತ್ತುತ್ತ ಹಾಡು ಗುನುಗಿದಳು. ಅವ್ವನ ಸಾರಿಗೆ ಉಪ್ಪು ಸಾಲದೆಂದು ಗಟ್ಟಿಯಾಗಿ ಹೇಳಿದಳು. ಆಯಿಯ ಜೊತೆ ಕೂತು ಕೂಸಿನ ಮಾತಾಡಿದಳು. ಮುಂಗಾರು ಹಿಡಿಯಿತು. ಒಂದು ದಿನ ಊಟದ ಹೊತ್ತಿಗೆ, ಅಪ್ಪನ ತಟ್ಟೆಗೆ ರೊಟ್ಟಿ ಹಾಕುತ್ತ ಅಂದಳು.

"ಅಪ್ಪಾ, ಗಾಡಿ ಗೊತ್ತ ಮಾಡು. ನಾ ಮಹಾಲಿಂಗಪುರಕ್ಕ ಹೋಗತೇನಿ."

ಅಪ್ಪನ ಕೈ ತಟ್ಟೆಯಲ್ಲಿಯೇ ನಿಂತಿತು. ನಾನು ಊಟ ಬಿಟ್ಟು ಎದ್ದೆ. ಮಗ್ಗದ ಕುಣಿಯಲ್ಲಿ ಇಳಿದು ಕೂತು ಯಾರು ಕರೆದರೂ ಬರಲಿಲ್ಲ. ಕೊನೆಗೆ ಅಕ್ಕ ಬಂದು ಕುಣಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಳು.

"ನಾ ಗೆದ್ದಿದ್ದೆ!" ಎಂದು ಅವಳ ಮೊಣಕಾಲಿಗೆ ಗುದ್ದಿದೆ. "ಗೆದ್ದ ಮ್ಯಾಲ ಹೆಂಗ ಹೋಗತಿ?"

"ನೀ ಗೆದ್ದೀ ಅಂತಽ ಹೊಂಟೇನಿ. ಸೋತಿದ್ದ್ರ ನನ್ನ ಒಯ್ಯತಿದ್ರು. ಈಗ ನಾನಽ ಹೋಗಾಕತ್ತೇನಿ."

ಒಯ್ಯುವುದಕ್ಕೂ ಹೋಗುವುದಕ್ಕೂ ಏನು ವ್ಯತ್ಯಾಸವೆಂದು ನನಗೆ ತಿಳಿಯಲಿಲ್ಲ. ಎರಡರಲ್ಲೂ ಅವಳು ಇಲ್ಲಿರುವುದಿಲ್ಲವಲ್ಲ. ಗಾಡಿ ಬರುವವರೆಗೆ ಅವಳ ಜೊತೆ ಮಾತು ಬಿಟ್ಟೆ. ಆದರೂ ಅವಳು ಹೊರಟ ಮುಂಜಾನೆ ಅವ್ವನ ಜೊತೆ ಗಾಡಿಯ ಹಿಂದೆ ಊರಾಚೆಯವರೆಗೂ ನಡೆದೆ. ಅಪ್ಪ ಮುಂದೆ ಕೂತಿದ್ದ. ಊರ ಹೊರಗೆ ಸಂಸ್ಥಾನದ ಗಡಿಯಲ್ಲಿ ಸುಂಕ ಕಟ್ಟಿಸಿಕೊಳ್ಳುವ ಜಕಾತಿ ನಾಕೆ ಇತ್ತು. ಆ ಕಡೆ ಹೋಗುವ ಗಾಡಿಗಳನ್ನೆಲ್ಲ ನಿಲ್ಲಿಸಿ, ಮಾರುವ ಬಟ್ಟೆ ಇದೆಯೇ ಎಂದು ನೋಡಿ ಬಿಡುತ್ತಿದ್ದರು. ನಾಕೆಯ ಶಿಪಾಯಿ ಬಂದು ಗಾಡಿಯಲ್ಲಿದ್ದ ಗಂಟುಗಳನ್ನು ಕೋಲಿನಿಂದ ಮುಟ್ಟಿ ನೋಡಿದ.

"ಎಲ್ಲಿಗಿ ಹೊಂಟೀರಿ?" ಎಂದು ಕೇಳಿದ.

ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಹೇಳಿಬಿಟ್ಟಳು.

"ನಮ್ಮ ಮನಿಗಿ."

ಶಿಪಾಯಿ ಅಡ್ಡಗೋಲು ಎತ್ತಿದ. ಗಾಡಿ ಮುಂದಕ್ಕೆ ಹೋಯಿತು. ಅಕ್ಕ ಹಿಂದಕ್ಕೆ ತಿರುಗಿ ಕೂತು ಕೈ ಎತ್ತಿದಳು. ಅವ್ವ ನನ್ನ ಭುಜದ ಮೇಲೆ ಕೈಯಿಟ್ಟಳು. ಅಳುತ್ತೇನೆಂದು ಅಂದುಕೊಂಡಿದ್ದಳೋ ಏನೋ. ನಾನು ಅಳಲಿಲ್ಲ. ನಾನೂ ಕೈ ಎತ್ತಿದೆ.